ಬಲಗಾಲು ಕೆಳಗಿಳಿದಾಗಲೆಲ್ಲ

ಏರು ಹತ್ತುವಾಗ ಮಾತ್ರ ಬರುತ್ತಿದ್ದ ಶಬ್ದವದು. ಸಮತಟ್ಟಾದ ರಸ್ತೆಯಲ್ಲಿ ಸೈಕಲ್ಲು ಸದ್ದಿಲ್ಲದೆ ಸಾಗುತ್ತಿತ್ತು. ಏರು ಶುರುವಾಗಿ, ತೊಡೆಗಳು ಬಿಗಿದು, ಉಸಿರು ಬಾಯಿಗೆ ಬರುವ ಹೊತ್ತಿಗೆ ಸರಿಯಾಗಿ, ಬಲಗಾಲು ಕೆಳಗಿಳಿದಾಗಲೆಲ್ಲ ‘ಕಟ್’ ಎನ್ನುತ್ತಿತ್ತು. ಅದು ಜೋರಾದ ಶಬ್ದವೇನಲ್ಲ, ಪಕ್ಕದಲ್ಲಿ ಯಾರೋ ಬೆರಳ ನೆಟಿಗೆ ಮುರಿದಷ್ಟೇ. ಆದರೆ ನಿಮಿಷಕ್ಕೆ 60 ಸುತ್ತಿನಂತೆ ಹತ್ತು ನಿಮಿಷ ಏರು ತುಳಿದರೆ 600 ಸಲ ನೆಟಿಗೆ ಮುರಿಸಿಕೊಳ್ಳಬೇಕಾಗುತ್ತದೆ. ಮೂರನೆಯ ದಿನದ ಹೊತ್ತಿಗೆ ನಾನು ದಾರಿಯನ್ನೂ ನೋಡುತ್ತಿರಲಿಲ್ಲ, ಗಾಳಿಯನ್ನೂ ಕೇಳುತ್ತಿರಲಿಲ್ಲ. ಬಲಗಾಲು ಮೇಲೆ ಬರುತ್ತಿದ್ದಂತೆಯೇ ಮುಂದಿನ ‘ಕಟ್’ಗಾಗಿ ಕಾಯುತ್ತಿದ್ದೆ, ಅದು ಒಂದು ಸಲ ತಪ್ಪಿದರೆ ಬಂದದ್ದಕ್ಕಿಂತ ಹೆಚ್ಚು ಕಸಿವಿಸಿಯಾಗುತ್ತಿತ್ತು.

ಮನೆಗೆ ಬಂದು ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ ಕೈಯಲ್ಲಿ ಪೆಡಲ್ ತಿರುಗಿಸಿದರೆ ಏನೂ ಇಲ್ಲ. ವೈದ್ಯರ ಎದುರು ಕೂತ ಕೂಡಲೇ ಮಾಯವಾಗುವ ಹಲ್ಲುನೋವಿನ ಹಾಗೆ. ಇದಕ್ಕೆ ಕಾರಣ ಸರಳವಾಗಿದ್ದರೂ ನನಗೆ ಅದು ಹೊಳೆದದ್ದು ತಡವಾಗಿ. ಖಾಲಿ ತಿರುಗುವ ಪೆಡಲಿನ ಮೇಲೆ ಹೊರೆಯೇ ಇರುವುದಿಲ್ಲ. ಪೆಡಲನ್ನು ಹಿಡಿದುಕೊಂಡಿರುವ ದಂಡ, ಅಂದರೆ ಕ್ರ್ಯಾಂಕಿನ ಉದ್ದ ಸಾಮಾನ್ಯವಾಗಿ 170 ಮಿಲಿಮೀಟರು. ಅದರ ಜೊತೆ ತಿರುಗುತ್ತಾ ಚೈನನ್ನು ಎಳೆಯುವ 44 ಹಲ್ಲಿನ ಚಕ್ರ, ಅಂದರೆ ಚೈನ್‌ವೀಲಿನ ತ್ರಿಜ್ಯ ಸುಮಾರು 89 ಮಿಲಿಮೀಟರು. ಹಾಗಾಗಿ 60 ಕಿಲೋ ತೂಕದ ಒಬ್ಬರು ಎದ್ದು ನಿಂತು, ಅಡ್ಡಲಾಗಿ ಬಂದಿರುವ ಪೆಡಲಿನ ಮೇಲೆ ಮೈಭಾರವನ್ನೆಲ್ಲ ಬಿಟ್ಟರೆ, ಚೈನಿನ ಮೇಲೆ ಬೀಳುವ ಎಳೆತ ಹೆಚ್ಚುಕಡಿಮೆ 115 ಕಿಲೋ ತೂಗುಹಾಕಿದಷ್ಟು. ಅಷ್ಟು ಎಳೆತದಲ್ಲಿ ಫ್ರೇಮು ಕಣ್ಣಿಗೆ ಕಾಣದಷ್ಟು ತಿರುಚುತ್ತದೆ, ಬಿಗಿದು ಕೂತ ಜೋಡಣೆಗಳೆಲ್ಲ ಕೂದಲೆಳೆಯಷ್ಟು ಅಲುಗುತ್ತವೆ. ಶಬ್ದ ಹುಟ್ಟುವುದು ಆ ಅಲುಗಾಟದಲ್ಲಿ. ತಲೆಕೆಳಗಾದ ಸೈಕಲ್ಲಿನ ಪೆಡಲನ್ನು ಎರಡು ಬೆರಳಲ್ಲಿ ತಿರುಗಿಸಿ ಶಬ್ದಕ್ಕಾಗಿ ಕಿವಿಗೊಡುವುದೆಂದರೆ, ಸಿಹಿನಿದ್ದೆಯಲ್ಲಿರುವವನ ಗೊರಕೆ ಕೇಳಲು ಅವನನ್ನು ಎಬ್ಬಿಸಿ ಕೂರಿಸಿದಂತೆಯೇ ಸರಿ.

ಮೂಗಿನ ನೇರಕ್ಕೆ ಇರುವ ಯಂತ್ರ

ಶಬ್ದ ಎಲ್ಲಿಂದ ಬರುತ್ತಿದೆ ಎಂಬ ಬಗ್ಗೆ ನನಗೆ ಆಗ ಎಳ್ಳಷ್ಟೂ ಸಂಶಯವಿರಲಿಲ್ಲ. ಅದು ಪಾದದ ಹತ್ತಿರ, ಎರಡು ಕ್ರ್ಯಾಂಕುಗಳ ನಡುವಿನ ಅಚ್ಚು ಕೂರುವ ಕೊಳವೆಯಿಂದ, ಅಂದರೆ ಬಾಟಮ್ ಬ್ರಾಕೆಟ್ಟಿನಿಂದ ಬರುತ್ತಿತ್ತು. ಕಿವಿಯಾರೆ ಕೇಳಿದ್ದೆನಲ್ಲ. ಸೈಕಲ್ಲಿನ ಶಬ್ದ ಹುಡುಕಲು ಹೊರಟವರೆಲ್ಲ ಮೊದಲು ದಾರಿ ತಪ್ಪುವುದು ಇಲ್ಲಿಯೇ ಎಂದು ಈಗ ಅನ್ನಿಸುತ್ತದೆ.

ಶಬ್ದ ಯಾವ ದಿಕ್ಕಿನಿಂದ ಬಂತೆಂದು ನಮಗೆ ತಿಳಿಯುವುದು ಹೆಚ್ಚಾಗಿ ಎರಡು ಕಿವಿಗಳ ನಡುವಿನ ವ್ಯತ್ಯಾಸದಿಂದ. ಬಲಗಡೆಯ ಶಬ್ದ ಬಲಗಿವಿಗೆ ತುಸು ಮೊದಲು, ತುಸು ಜೋರಾಗಿ ಮುಟ್ಟುತ್ತದೆ. ಆ ಅಂತರ ಒಂದು ಸೆಕೆಂಡಿನ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ, ಆದರೂ ಮಿದುಳು ಅದನ್ನು ಅಳೆದುಬಿಡುತ್ತದೆ. ಸೈಕಲ್ ಸವಾರನ ಕಷ್ಟವೇನೆಂದರೆ ಅವನ ಯಂತ್ರ ಪೂರ್ತಿಯಾಗಿ ಅವನ ಮೂಗಿನ ನೇರಕ್ಕೆ ಇದೆ. ಹ್ಯಾಂಡಲ್ಲು, ಸೀಟು, ಬಾಟಮ್ ಬ್ರಾಕೆಟ್ಟು, ಹಿಂದಿನ ಚಕ್ರದ ಅಚ್ಚು, ಎಲ್ಲವೂ ಎರಡೂ ಕಿವಿಗಳಿಂದ ಹೆಚ್ಚುಕಡಿಮೆ ಒಂದೇ ದೂರದಲ್ಲಿವೆ. ಹೋಲಿಸಿ ನೋಡಲು ಕಿವಿಗಳಿಗೆ ವ್ಯತ್ಯಾಸವೇ ಸಿಗುವುದಿಲ್ಲ. ಇದು ಸಾಲದೆಂಬಂತೆ, ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರು ಹೋದರೆ ಉಕ್ಕಿನಲ್ಲೂ ಅಲ್ಯುಮಿನಿಯಮ್ಮಿನಲ್ಲೂ 5000 ಮೀಟರು ಓಡುತ್ತದೆ. ಟೊಳ್ಳು ಕೊಳವೆಗಳ ಫ್ರೇಮಿನ ಒಂದು ಮೂಲೆಯಲ್ಲಿ ‘ಕಟ್’ ಎಂದರೆ ಕಣ್ಣೆವೆ ಮುಚ್ಚುವುದರೊಳಗೆ ಇಡೀ ಫ್ರೇಮೇ ಅದನ್ನು ನುಡಿಸಿರುತ್ತದೆ. ಇಷ್ಟೆಲ್ಲ ಗೊಂದಲದಲ್ಲಿ ಮಿದುಳು ಏನು ಮಾಡುತ್ತದೆಂದರೆ, ಆ ಕ್ಷಣದಲ್ಲಿ ಮೈಯ ಯಾವ ಭಾಗ ಹೆಚ್ಚು ದುಡಿಯುತ್ತಿದೆಯೋ ಅದರ ಹತ್ತಿರಕ್ಕೆ ಶಬ್ದವನ್ನು ತಂದು ಕೂರಿಸುತ್ತದೆ. ಬಲಗಾಲು ಒತ್ತಿದಾಗ ಬಂದ ಶಬ್ದ ಬಲಗಾಲಿನ ಬುಡದಲ್ಲೇ ಕೇಳಿಸಿದಂತಾಗುತ್ತದೆ.

ಪೆಡಲಿಗೆ ಎಷ್ಟು ಸಲ

ಶಬ್ದದ ಜಾಗವನ್ನು ನಂಬಲಾಗದು, ಆದರೆ ಅದರ ಹೊತ್ತನ್ನು ನಂಬಬಹುದು. ಶಬ್ದ ಪೆಡಲಿನ ಒಂದು ಸುತ್ತಿಗೆ ಎಷ್ಟು ಸಲ ಬರುತ್ತದೆ ಎಂದು ಎಣಿಸಿದರೆ ಅರ್ಧ ಸೈಕಲ್ಲನ್ನು ಅಲ್ಲೇ ಬದಿಗಿಡಬಹುದು. ನನ್ನ ಸೈಕಲ್ಲಿನ ಲೆಕ್ಕವನ್ನೇ ಹೇಳುತ್ತೇನೆ. ಮುಂದೆ 44 ಹಲ್ಲು, ಹಿಂದೆ 16 ಹಲ್ಲು ಹಾಕಿಕೊಂಡರೆ ಪೆಡಲು ನಾಲ್ಕು ಸುತ್ತು ಬರುವಷ್ಟರಲ್ಲಿ ಹಿಂದಿನ ಚಕ್ರ ಹನ್ನೊಂದು ಸುತ್ತು ಬರುತ್ತದೆ. ಶಬ್ದ ಅಷ್ಟು ಚುರುಕಾಗಿದ್ದರೆ ಅದು ಟೈರು, ಕಡ್ಡಿ, ರಿಮ್ಮು ಇವುಗಳ ಕಡೆಯದು. ನನ್ನ ಚೈನಿನಲ್ಲಿ 110 ಕೊಂಡಿಗಳಿವೆ, ಹಾಗಾಗಿ ಚೈನು ಒಂದು ಪೂರ್ತಿ ಸುತ್ತು ಬರಲು ಪೆಡಲು ಎರಡೂವರೆ ಸುತ್ತು ತಿರುಗಬೇಕು. ಐದು ಸುತ್ತಿಗೆ ಎರಡು ಸಲ ಹಿಡಿದುಬಿಟ್ಟಂತಾದರೆ ಯಾವುದೋ ಒಂದು ಕೊಂಡಿ ಬಿಗಿಯಾಗಿ ಮಡಚದೆ ಉಳಿದಿದೆ ಎಂದರ್ಥ. ಹಿಂದಿನ ಗೇರು ಬದಲಿಸಿದರೂ ಈ ಎರಡೂವರೆಯ ಲೆಕ್ಕ ಬದಲಾಗದು, ಚಕ್ರದ ಲೆಕ್ಕ ಮಾತ್ರ ಬದಲಾಗುತ್ತದೆ. ಎರಡನ್ನೂ ಬೇರೆ ಮಾಡಲು ಇದಕ್ಕಿಂತ ಅಗ್ಗದ ಪರೀಕ್ಷೆ ಇಲ್ಲ. ಹಿಂದೆ ಗೇರು ಬದಲಿಸುವ ಡಿರೇಲರಿನಲ್ಲಿ ಚೈನನ್ನು ಹಿಡಿದುಕೊಂಡಿರುವ ಹನ್ನೊಂದು ಹಲ್ಲಿನ ಪುಟ್ಟ ಚಕ್ರವಂತೂ ಪೆಡಲಿನ ಒಂದು ಸುತ್ತಿಗೆ ನಾಲ್ಕು ಸುತ್ತು ತಿರುಗುತ್ತದೆ, ಒಣಗಿದ್ದರೆ ಗುಬ್ಬಚ್ಚಿ ಮರಿಯಂತೆ ಕೂಗುತ್ತದೆ.

ಒಮ್ಮೊಮ್ಮೆ ನನಗನ್ನಿಸುವುದುಂಟು, ಮುಂದೆ ಆಳೆತ್ತರದ ಚಕ್ರವಿದ್ದ ಹಳೆಯ ಸೈಕಲ್ಲುಗಳ ಸವಾರರಿಗೆ ಈ ಅನುಕೂಲ ಇರಲೇ ಇಲ್ಲವಲ್ಲ ಎಂದು. ಅವುಗಳಲ್ಲಿ ಪೆಡಲು ಮುಂದಿನ ಚಕ್ರದ ಅಚ್ಚಿಗೇ ಜೋಡಿಕೊಂಡಿತ್ತು. ಪೆಡಲಿನ ಒಂದು ಸುತ್ತೆಂದರೆ ಚಕ್ರದ್ದೂ ಒಂದೇ ಸುತ್ತು. ಪೆಡಲಿನಲ್ಲಿ ಹುಟ್ಟಿದ ಶಬ್ದವೂ ಚಕ್ರದಲ್ಲಿ ಹುಟ್ಟಿದ ಶಬ್ದವೂ ಒಂದೇ ತಾಳಕ್ಕೆ ಬೀಳುತ್ತಿದ್ದವು. ಹ್ಯಾನ್ಸ್ ರೆನಾಲ್ಡ್ 1880ರಲ್ಲಿ ರೋಲರ್ ಚೈನಿಗೆ ಪೇಟೆಂಟ್ ಪಡೆದು, ಜಾನ್ ಕೆಂಪ್ ಸ್ಟಾರ್ಲಿ 1885ರಲ್ಲಿ ಹಿಂದಿನ ಚಕ್ರವನ್ನು ಚೈನಿನಿಂದ ಓಡಿಸುವ ‘ರೋವರ್’ ಸೈಕಲ್ಲನ್ನು ತಂದ ಮೇಲೆ ಪೆಡಲಿಗೊಂದು ತಾಳ, ಚೈನಿಗೊಂದು ತಾಳ, ಚಕ್ರಕ್ಕೊಂದು ತಾಳ ಎಂದಾಯಿತು. ಶಬ್ದ ಮಾಡುವ ಭಾಗಗಳು ಹೆಚ್ಚಾದವು ನಿಜ, ಆದರೆ ಒಂದೊಂದೂ ತನ್ನದೇ ಲೆಕ್ಕದಲ್ಲಿ ಸಿಕ್ಕಿಬೀಳುವಂತೆಯೂ ಆಯಿತು.

ನನ್ನ ಶಬ್ದ ಪೆಡಲಿನ ಸುತ್ತಿಗೆ ಒಂದೇ ಸಲ ಬರುತ್ತಿತ್ತು. ತುಳಿಯುವುದನ್ನು ನಿಲ್ಲಿಸಿ ಸೈಕಲ್ಲನ್ನು ಅದರ ಪಾಡಿಗೆ ಓಡಲು ಬಿಟ್ಟರೆ ನಿಲ್ಲುತ್ತಿತ್ತು. ಸೀಟಿನಿಂದ ಎದ್ದು ನಿಂತು ತುಳಿದರೂ ಬರುತ್ತಿತ್ತು. ಈ ಮೂರನ್ನೂ ಸೇರಿಸಿ ನಾನು ತೀರ್ಪು ಬರೆದುಬಿಟ್ಟೆ: ಚಕ್ರದ್ದಲ್ಲ, ಸೀಟಿನದಲ್ಲ, ಪೆಡಲು ಅಥವಾ ಬಾಟಮ್ ಬ್ರಾಕೆಟ್ಟಿನದೇ. ಈ ತೀರ್ಪಿನಲ್ಲಿ ಒಂದು ತೂತು ಇತ್ತು. ಅದು ಕಾಣಲು ನನಗೆ ಎರಡು ವಾರ ಹಿಡಿಯಿತು.

ಗ್ರೀಸ್ ಮೆತ್ತಿದ ಎರಡು ವಾರ

ಮೊದಲು ಪೆಡಲುಗಳನ್ನು ಬಿಚ್ಚಿದೆ. ಎಡಗಡೆಯ ಪೆಡಲಿನ ಥ್ರೆಡ್ ಉಲ್ಟಾ ಇರುತ್ತದೆಂದು ಗೊತ್ತಿದ್ದೂ, ಕೆಳಗೆ ಬಗ್ಗಿ ಕೂತಾಗ ಯಾವುದು ಉಲ್ಟಾ ಯಾವುದು ಸುಲ್ಟಾ ಎಂದು ಗಲಿಬಿಲಿಯಾಗಿ, ಕಾಲು ಗಂಟೆ ಅದನ್ನು ಬಿಚ್ಚುವ ಬದಲು ಬಿಗಿ ಮಾಡಿದೆ. ಬಲಗಡೆಯದನ್ನು ಬಿಚ್ಚುವಾಗ ಸ್ಪ್ಯಾನರು ಜಾರಿ ಬೆರಳ ಗೆಣ್ಣುಗಳು ಚೈನ್‌ವೀಲಿನ ಹಲ್ಲಿಗೆ ಹೋಗಿ ಬಡಿದವು. ಆ ಗಾಯದ ಕಪ್ಪು ಗುರುತು ಬಹಳ ದಿನ ಉಳಿದಿತ್ತು. ಸ್ಪ್ಯಾನರನ್ನು ಮೇಲ್ಮುಖವಾಗಿ ಹಿಡಿದು ಹಿಂದಿನ ಚಕ್ರದ ಕಡೆಗೆ ಎಳೆದರೆ ಎರಡೂ ಪೆಡಲುಗಳು ಬಿಚ್ಚಿಕೊಳ್ಳುತ್ತವೆ, ಮುಂದಿನ ಚಕ್ರದ ಕಡೆಗೆ ಎಳೆದರೆ ಎರಡೂ ಬಿಗಿಯಾಗುತ್ತವೆ ಎಂಬ ಸುಲಭದ ನೆನಪು ನನಗೆ ಅಂಟಿಕೊಂಡದ್ದು ಆ ದಿನದ ನಂತರ.

ಈ ಉಲ್ಟಾ ಥ್ರೆಡ್ಡಿನ ಹಿಂದೆ ಒಂದು ಸೊಗಸಾದ ಕಾರಣವಿದೆ. ಹೆಬ್ಬೆರಳು, ತೋರುಬೆರಳು ಸೇರಿಸಿ ಉಂಗುರದಂತೆ ಮಾಡಿ, ಅದರೊಳಗೆ ಪೆನ್ಸಿಲೊಂದನ್ನು ಸಡಿಲವಾಗಿ ನಿಲ್ಲಿಸಿ, ಅದರ ತುದಿಯನ್ನು ಇನ್ನೊಂದು ಕೈಯಿಂದ ಗಡಿಯಾರದ ಮುಳ್ಳಿನಂತೆ ಸುತ್ತು ತಿರುಗಿಸಿದರೆ, ಪೆನ್ಸಿಲು ತನ್ನಷ್ಟಕ್ಕೆ ತಾನು ಅದಕ್ಕೆ ವಿರುದ್ಧ ದಿಕ್ಕಿನಲ್ಲಿ ಉರುಳುವುದು ಬೆರಳಿಗೆ ತಿಳಿಯುತ್ತದೆ. ಕ್ರ್ಯಾಂಕಿನ ತೂತಿನಲ್ಲಿರುವ ಪೆಡಲಿನ ಅಚ್ಚೂ ಹೀಗೆಯೇ ಸವಾರನ ಭಾರಕ್ಕೆ ಕೂದಲೆಳೆಯಷ್ಟು ಉರುಳುತ್ತಿರುತ್ತದೆ. ಎಡಪೆಡಲಿಗೆ ಮಾಮೂಲಿ ಥ್ರೆಡ್ ಕೊಟ್ಟಿದ್ದರೆ ತುಳಿಯುತ್ತಾ ತುಳಿಯುತ್ತಾ ಅದು ತಾನೇ ಬಿಚ್ಚಿಕೊಂಡು ಬರುತ್ತಿತ್ತು. ಬಾಟಮ್ ಬ್ರಾಕೆಟ್ಟಿನಲ್ಲಿ ಒಳಗಿನದು ಹೊರಗಾಗಿ ಈ ಲೆಕ್ಕ ತಿರುಗಿ ನಿಲ್ಲುತ್ತದೆ. ಹೆಚ್ಚಿನ ಸೈಕಲ್ಲುಗಳಲ್ಲಿರುವ ಇಂಗ್ಲಿಷ್ ಅಳತೆಯಲ್ಲಿ ಉಲ್ಟಾ ಥ್ರೆಡ್ ಇರುವುದು ಬೇರಿಂಗ್ ಕೂರುವ ಬಲಗಡೆಯ ಬಟ್ಟಲಿಗೆ.

ಪೆಡಲುಗಳಿಗೆ ಗ್ರೀಸ್ ಹಚ್ಚಿ ಹಾಕಿದೆ, ಶಬ್ದ ಹೋಗಲಿಲ್ಲ. ಬಾಟಮ್ ಬ್ರಾಕೆಟ್ಟನ್ನೇ ಹೊರಗೆ ತೆಗೆದೆ. ಕೊಳವೆಯೊಳಗೆ ಒಣಗಿದ ಕೆಸರು, ತುಕ್ಕಿನ ಪುಡಿ, ಒಂದು ಸತ್ತ ಜೇಡ. ಎಲ್ಲವನ್ನೂ ಒರೆಸಿ, ಥ್ರೆಡ್ಡಿಗೆ ದಪ್ಪಗೆ ಗ್ರೀಸ್ ಮೆತ್ತಿ, ಮೈಯೆಲ್ಲ ಬೆವರಾಗುವಷ್ಟು ಬಿಗಿ ಮಾಡಿದೆ. ಆಡದ ಅಲುಗದ ಥ್ರೆಡ್ಡಿಗೆ ಗ್ರೀಸ್ ಏಕೆಂದು ಕೇಳುವವರಿದ್ದಾರೆ. ಪಿಟೀಲಿನ ಕಮಾನಿಗೆ ರಾಳ ಹಚ್ಚುವುದೇಕೆ ಎಂದು ನೆನೆದರೆ ಉತ್ತರ ಅದರಲ್ಲೇ ಇದೆ. ರಾಳ ಹಚ್ಚಿದ ಕಮಾನು ತಂತಿಯನ್ನು ಹಿಡಿದು ಎಳೆದೊಯ್ಯುತ್ತದೆ, ಎಳೆತ ಹಿಡಿತವನ್ನು ಮೀರಿದಾಗ ತಂತಿ ಜಾರುತ್ತದೆ, ಮತ್ತೆ ಹಿಡಿಯುತ್ತದೆ, ಮತ್ತೆ ಜಾರುತ್ತದೆ. ನಾದ ಹುಟ್ಟುವುದು ಈ ಹಿಡಿ-ಜಾರುಗಳಿಂದ. ಒಣಗಿದ ಎರಡು ಲೋಹಗಳು ಬಿಗಿಯಾಗಿ ಒತ್ತಿಕೊಂಡಾಗಲೂ ಆಗುವುದು ಅದೇ, ಒಂದು ತುಳಿತಕ್ಕೆ ಒಂದು ಜಾರು, ಒಂದು ‘ಕಟ್’. ಗ್ರೀಸ್ ಆ ಅಲುಗಾಟವನ್ನು ತಡೆಯುವುದಿಲ್ಲ, ಸದ್ದಿಲ್ಲದೆ ಆಗುವಂತೆ ನೋಡಿಕೊಳ್ಳುತ್ತದೆ ಅಷ್ಟೆ. (ಥ್ರೆಡ್ಡೇ ಇಲ್ಲದೆ ಬೇರಿಂಗನ್ನು ಫ್ರೇಮಿನೊಳಕ್ಕೆ ನೇರವಾಗಿ ಒತ್ತಿ ಕೂರಿಸುವ ಪದ್ಧತಿ ಬಂದ ಮೇಲೆ ಈ ಗೋಳು ಹೆಚ್ಚಾಯಿತು. ಕೆಲವು ತಯಾರಕರು ಮರಳಿ ಥ್ರೆಡ್ಡಿಗೇ ಬಂದದ್ದು ನನ್ನ ಮಟ್ಟಿಗೆ ಸಮಾಧಾನದ ಸಂಗತಿ.)

ಎರಡು ದಿನ ಶಬ್ದ ಕಡಿಮೆಯಾದಂತೆ ಅನ್ನಿಸಿತು. ಮೂರನೆಯ ದಿನ ಏರಿನ ಅರ್ಧಕ್ಕೆ ಬಂದಾಗ ಮತ್ತೆ ನೆಟಿಗೆ ಮುರಿಯಿತು. ನಾನು ಚೈನ್‌ವೀಲಿನ ಐದು ಬೋಲ್ಟುಗಳಿಗೂ ಅಲನ್ ಕೀ ಹಾಕಿ ನೋಡಿದೆ, ಐದೂ ಬಿಗಿಯಾಗಿದ್ದವು. ಬಿಗಿಯಾಗಿದೆ ಎಂದ ಮೇಲೆ ಅದರ ಯೋಚನೆ ಬಿಟ್ಟೆ. ಹೊಸ ಪೆಡಲು ಕೊಳ್ಳುವ ಯೋಚನೆ ಬಂದದ್ದು ಆಗಲೇ. ಪೆಡಲು, ಚೈನು, ಬಾಟಮ್ ಬ್ರಾಕೆಟ್ಟು ಮೂರನ್ನೂ ಒಟ್ಟಿಗೆ ಬದಲಿಸಿ ನೋಡೋಣ ಎಂಬ ಹತಾಶೆಯೂ ಬಂದಿತ್ತು. ಹಾಗೆ ಮಾಡಿ ಶಬ್ದ ಹೋಗಿದ್ದರೂ ಯಾವುದರಿಂದ ಹೋಯಿತೆಂದು ತಿಳಿಯುತ್ತಿರಲಿಲ್ಲ, ಮುಂದಿನ ವರ್ಷ ಮರಳಿ ಬಂದಾಗ ಮತ್ತೆ ಮೊದಲಿನಿಂದ ಶುರುಮಾಡಬೇಕಿತ್ತು.

ಶಬ್ದವನ್ನು ಅಲಕ್ಷಿಸಿ ತುಳಿದರಾಯಿತು ಎನ್ನುವವರ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ನಾಲ್ಕು ಮೂಲೆಯ ಅಚ್ಚಿನ ಮೇಲೆ ಕೂರುವ ಅಲ್ಯುಮಿನಿಯಮ್ ಕ್ರ್ಯಾಂಕು ಸಡಿಲವಾಗಿದ್ದರೂ ಇಂಥದೇ ಶಬ್ದ ಬರುತ್ತದೆ, ಹಾಗೆಯೇ ತುಳಿಯುತ್ತಾ ಹೋದರೆ ಆ ಚೌಕದ ತೂತು ಸವೆದು ದುಂಡಗಾಗಿ ಕ್ರ್ಯಾಂಕೇ ಹಾಳಾಗುತ್ತದೆ. ಫ್ರೇಮಿನಲ್ಲೋ ಕ್ರ್ಯಾಂಕಿನಲ್ಲೋ ಕೂದಲೆಳೆಯಷ್ಟು ಬಿರುಕು ಬಿಟ್ಟಿದ್ದರೂ ಮೊದಲು ತಿಳಿಸುವುದು ಶಬ್ದವೇ ಇರಬಹುದು.

ಪಕ್ಕದಿಂದ ಕೇಳಿದವನು

ಒಂದು ಬೆಳಗ್ಗೆ ಗೆಳೆಯನೊಬ್ಬ ಜೊತೆಗೆ ಬಂದ. ಅವನಿಗೆ ಸೈಕಲ್ಲಿನ ಬಗ್ಗೆ ನನಗಿಂತ ಹೆಚ್ಚು ತಿಳಿದಿತ್ತು ಎಂದಲ್ಲ. ತಾಳ್ಮೆ ಮಾತ್ರ ಹೆಚ್ಚಿತ್ತು. ಹಿಂದೊಮ್ಮೆ ನಾನು ಹೀಗೆಯೇ ‘ಟಿಕ್’ ಎನ್ನುವ ಶಬ್ದವೊಂದರ ಬೆನ್ನು ಹತ್ತಿ ಎಡಗಡೆಯ ಕ್ರ್ಯಾಂಕನ್ನು ಎರಡು ಸಲ ಬಿಚ್ಚಿ ಹಾಕಿದ್ದಾಗ, ಎಡಗಾಲಿನ ಬೂಟಿನ ಲೇಸಿನ ತುದಿಯಲ್ಲಿದ್ದ ಪ್ಲಾಸ್ಟಿಕ್ಕು ಪ್ರತಿ ಸುತ್ತಿಗೂ ಕ್ರ್ಯಾಂಕಿಗೆ ಬಡಿಯುತ್ತಿರುವುದನ್ನು ತೋರಿಸಿಕೊಟ್ಟವನೂ ಅವನೇ. ಅದನ್ನು ಅವನು ಇನ್ನೂ ಮರೆತಿಲ್ಲ, ನನಗೂ ಮರೆಯಲು ಬಿಟ್ಟಿಲ್ಲ. ಹಾಗಾಗಿ ಈ ಸಲ ಹೊರಡುವ ಮೊದಲೇ ಲೇಸನ್ನು ಬೂಟಿನೊಳಗೆ ತುರುಕಿಕೊಂಡಿದ್ದೆ.

ಏರು ಶುರುವಾದ ಮೇಲೆ ಅವನು ನನ್ನ ಬಲಗಡೆ ಒಂದು ಮಾರು ದೂರದಲ್ಲಿ, ನನ್ನ ಸಮಕ್ಕೇ ಬರುತ್ತಾ ಏನೂ ಮಾತಾಡದೆ ಬಹಳ ಹೊತ್ತು ತುಳಿದ. ನಾನು ಹಲ್ಲು ಕಚ್ಚಿ ಒತ್ತುತ್ತಿದ್ದೆ, ಶಬ್ದ ಅವನೆದುರು ಕೈಕೊಡದಿರಲಿ ಎಂದು. ಆಮೇಲೆ ಅವನೆಂದ, “ಒಂದಲ್ಲ ಕಣೋ, ಎರಡಿದೆ. ಮೊದಲು ಹಿಂದೆ ಮೇಲ್ಗಡೆ ಕಿರ್ ಅಂತದೆ, ಅದರ ಬೆನ್ನಿಗೇ ಮುಂದೆ ಕೆಳಗಡೆ ಕಟ್ ಅಂತದೆ.”

ನನಗೆ ತಕ್ಷಣ ನಂಬಿಕೆ ಬರಲಿಲ್ಲ. ಎರಡು ವಾರ ಅದರ ಮೇಲೇ ಕೂತು ಕೇಳಿದವನು ನಾನು. ಆದರೆ ಕೇಳುವ ಜಾಗದಲ್ಲಿ ಅವನಿಗೆ ನನಗಿಂತ ಅನುಕೂಲವಿತ್ತು. ಪಕ್ಕದಿಂದ ಮುಖ ನನ್ನತ್ತ ತಿರುಗಿಸಿ ಕೇಳುವವನ ಎರಡು ಕಿವಿಗಳಿಗೆ ನನ್ನ ಸೈಕಲ್ಲು ಅಡ್ಡಲಾಗಿ ಚಾಚಿಕೊಂಡಿರುತ್ತದೆ. ಸೀಟು ಒಂದು ಕಿವಿಯ ಕಡೆಗೆ, ಚೈನ್‌ವೀಲು ಇನ್ನೊಂದರ ಕಡೆಗೆ. ನನ್ನ ಮೂಗಿನ ನೇರಕ್ಕೆ ಒಂದರ ಮೇಲೊಂದು ಕೂತಿದ್ದ ಎರಡು ಶಬ್ದಗಳು ಅವನಿಗೆ ಬಿಡಿಬಿಡಿಯಾಗಿ ಕೇಳಿಸಿದ್ದವು.

ನನ್ನ ತೀರ್ಪಿನ ತೂತು ಕಂಡದ್ದು ಆಗ. ತಪ್ಪು ಮಾಡಿದವನು ಒಬ್ಬನೇ ಎಂದು ಮೊದಲೇ ನಿರ್ಧರಿಸಿಕೊಂಡು ಪರೀಕ್ಷೆಗಳನ್ನು ಮಾಡಿದ್ದೆ. ಎದ್ದು ನಿಂತು ತುಳಿದಾಗಲೂ ಶಬ್ದ ಬಂದದ್ದರಿಂದ ಸೀಟನ್ನು ನಿರ್ದೋಷಿ ಎಂದು ಬಿಟ್ಟುಕಳಿಸಿದ್ದೆ, ಆದರೆ ಆಗ ಬರುತ್ತಿದ್ದದ್ದು ಇನ್ನೊಂದು ಶಬ್ದ ಮಾತ್ರ. ತುಳಿಯುವುದನ್ನು ನಿಲ್ಲಿಸಿದರೆ ಶಬ್ದ ನಿಲ್ಲುತ್ತದೆ, ಹಾಗಾಗಿ ಅದು ಪೆಡಲಿನ ಸುತ್ತಮುತ್ತಲಿನದೇ ಎಂದುಕೊಂಡದ್ದೂ ಅವಸರದ ಮಾತು. ತುಳಿಯುವುದನ್ನು ನಿಲ್ಲಿಸಿದಾಗ ನಿಲ್ಲುವುದು ಪೆಡಲು ಮಾತ್ರವಲ್ಲ, ಸೀಟಿನ ಮೇಲೆ ಆಚೀಚೆ ವಾಲುವ ಸೊಂಟವೂ ನಿಲ್ಲುತ್ತದೆ. ಬಲಗಾಲು ಒತ್ತುವಾಗ ಸೊಂಟ ಬಲಕ್ಕೆ ತೂಗಿ, ಸೀಟಿನಡಿಯ ಕಂಬಿಗಳು ಕ್ಲಾಂಪಿನೊಳಗೆ ಮಿಸುಕುತ್ತಿದ್ದವು, ಅದೂ ಪೆಡಲಿನ ತಾಳಕ್ಕೇ ಸರಿಯಾಗಿ.

ಗೋಡೆಗೆ ಒರಗಿಸಿ

ಮನೆಗೆ ಬಂದು ಸೈಕಲ್ಲನ್ನು ಗೋಡೆಗೆ ಒರಗಿಸಿದೆವು. ನಾನು ಎರಡೂ ಬ್ರೇಕು ಹಿಡಿದು, ಕ್ರ್ಯಾಂಕನ್ನು ಅಡ್ಡಲಾಗಿ ನಿಲ್ಲಿಸಿ, ಬಲಪೆಡಲಿನ ಮೇಲೆ ಮೈಭಾರ ಬಿಟ್ಟು ಬಿಟ್ಟು ಒತ್ತಿದೆ. ಅವನು ಉದ್ದದ ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಯ ಮುಂದಿನ ಎಲುಬಿಗೆ ಒತ್ತಿಕೊಂಡು, ಮೊನೆಯನ್ನು ಒಂದೊಂದೇ ಜಾಗಕ್ಕೆ ಮುಟ್ಟಿಸುತ್ತಾ ಹೋದ. ಬಾಟಮ್ ಬ್ರಾಕೆಟ್ಟಿನಲ್ಲಿ ಮಂದವಾಗಿ ಕೇಳಿಸಿತಂತೆ. ಚೈನ್‌ವೀಲಿನ ಮೂರನೆಯ ಬೋಲ್ಟಿಗೆ ಮೊನೆ ತಾಗಿದಾಗ ಬೆಚ್ಚಿ ಕಿವಿಯನ್ನು ಹಿಂದಕ್ಕೆ ತೆಗೆದುಕೊಂಡ. ನಾನೂ ಆ ಬೋಲ್ಟಿನ ತಲೆಯ ಮೇಲೆ ಬೆರಳಿಟ್ಟು ಅವನಿಂದ ಪೆಡಲು ಒತ್ತಿಸಿದೆ. ಉಗುರಿನ ಬುಡಕ್ಕೆ ಚುರುಕ್ಕೆಂದು ಬಡಿಯಿತು.

ಒಂದು ಸಲಕ್ಕೆ ಒಂದೇ ಕೆಲಸ ಎಂದು ಮೊದಲು ಸೀಟಿನ ಕ್ಲಾಂಪನ್ನಷ್ಟೇ ಬಿಚ್ಚಿ, ಕಂಬಿಗಳನ್ನು ಒರೆಸಿ, ಬೆರಳ ತುದಿಯಷ್ಟು ಗ್ರೀಸನ್ನು ತೆಳ್ಳಗೆ ಸವರಿ ಕೂರಿಸಿದೆ. ಮಾರನೆಯ ದಿನ ಏರಿನಲ್ಲಿ ಕೂತು ತುಳಿದರೆ ‘ಕಿರ್’ ಇರಲಿಲ್ಲ. ‘ಕಟ್’ ಮಾತ್ರ ಉಳಿದಿತ್ತು, ಈಗ ಬೋಳಾಗಿ, ಸ್ಪಷ್ಟವಾಗಿ. ಆ ಶಬ್ದವನ್ನು ಖುಷಿಯಿಂದ ಕೇಳಿದ್ದು ಅದೊಂದೇ ದಿನ.

ಆ ಸಂಜೆ ಐದೂ ಬೋಲ್ಟುಗಳನ್ನು ಬಿಚ್ಚಿ ಚೈನ್‌ವೀಲನ್ನು ಕ್ರ್ಯಾಂಕಿನಿಂದ ಬೇರೆ ಮಾಡಿದೆ. ಬೋಲ್ಟು ಬಿಗಿಯಾಗಿತ್ತೆಂಬುದು ಸುಳ್ಳಲ್ಲ. ಆದರೆ ಅದರ ಅಡಿಯಲ್ಲಿ, ಚೈನ್‌ವೀಲನ್ನು ಹಿಡಿಯುವ ಕ್ರ್ಯಾಂಕಿನ ಐದು ತೋಳುಗಳಲ್ಲೊಂದೂ ಚೈನ್‌ವೀಲೂ ಮುಖಾಮುಖಿಯಾಗುವ ಕಡೆ, ಒಣಗಿದ ಗ್ರೀಸು ಮತ್ತು ಧೂಳು ಸೇರಿ ಕಾಡಿಗೆಯಂಥ ಕಪ್ಪು ಪುಡಿಯಾಗಿತ್ತು. ಅದನ್ನು ಬಟ್ಟೆಯಿಂದ ಒರೆಸಿದಾಗ ಲೋಹದ ಮೇಲೆ ಎಳ್ಳಿನ ಗಾತ್ರದ ಒಂದು ಹೊಳಪು ಮಚ್ಚೆ ಕಾಣಿಸಿತು. ಉಳಿದ ನಾಲ್ಕು ತೋಳುಗಳಲ್ಲಿ ಅದು ಇರಲಿಲ್ಲ. ಬಲಗಾಲು ಒತ್ತುವ ಹೊತ್ತಿಗೆ ಆ ತೋಳು ಚೈನಿನ ಎಳೆತ ಬೀಳುವ ಜಾಗಕ್ಕೆ ಬರುತ್ತಿತ್ತು, ಎಡಗಾಲಿನ ಸರದಿಯಲ್ಲಿ ಎದುರು ಬದಿಗೆ ಹೋಗಿಬಿಡುತ್ತಿತ್ತು. ಸುತ್ತಿಗೆ ಒಂದೇ ‘ಕಟ್’ ಏಕೆಂಬುದಕ್ಕೆ ಆ ಎಳ್ಳಿನಷ್ಟು ಮಚ್ಚೆಯೇ ಉತ್ತರ. ಐದೂ ತೋಳುಗಳನ್ನು ಒರೆಸಿ, ಬೋಲ್ಟಿನ ಥ್ರೆಡ್ಡಿಗೂ ತಲೆಯ ಅಡಿಗೂ ಗ್ರೀಸ್ ಮುಟ್ಟಿಸಿ, ಒಂದು ಬಿಟ್ಟು ಒಂದರಂತೆ ನಕ್ಷತ್ರದ ಕ್ರಮದಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿದೆ.

ಮರುದಿನ ಅದೇ ಏರನ್ನು ಎರಡು ಸಲ ಹತ್ತಿದೆ, ಮೊದಲು ಕೂತು, ಆಮೇಲೆ ನಿಂತು. ಚೈನು ಹಲ್ಲಿನ ಮೇಲೆ ಉರುಳುವ ಸಣ್ಣ ಸರಸರ, ಟೈರಿನ ಕೆಳಗೆ ಮರಳು ನುರಿಯುವ ಸದ್ದು, ನನ್ನ ಏದುಸಿರು ಬಿಟ್ಟರೆ ಬೇರೇನೂ ಇರಲಿಲ್ಲ. ನನ್ನ ಏದುಸಿರು ಇಷ್ಟೊಂದು ಜೋರೆಂದು ತಿಳಿದದ್ದೂ ಅಂದೇ. ಮರಳುವಾಗ ಇಳಿಜಾರು ಮುಗಿದು ಸಮತಟ್ಟಿಗೆ ಬಂದ ಮೇಲೆ ಎಲ್ಲೋ ಮೆಲ್ಲಗೆ ‘ಟಿಕ್, ಟಿಕ್’ ಎಂದಿತು. ಎದೆ ಧಸಕ್ಕೆಂದಿತಾದರೂ ಈ ಸಲ ಪಾದದ ಕಡೆ ನೋಡಲಿಲ್ಲ. ತುಳಿಯುವುದನ್ನು ನಿಲ್ಲಿಸಿದೆ, ಶಬ್ದ ನಿಲ್ಲಲಿಲ್ಲ. ಅಂದ ಮೇಲೆ ಅದು ಚಕ್ರದ್ದು. ಇಳಿದು ನೋಡಿದರೆ ಹಿಂದಿನ ಚಕ್ರದ ವಾಲ್ವಿನ ಬುಡದ ಪುಟ್ಟ ನಟ್ಟು ಸಡಿಲವಾಗಿ ರಿಮ್ಮಿಗೆ ತಾಗುತ್ತಿತ್ತು. ಬೆರಳಲ್ಲೇ ತಿರುವಿ ಬಿಗಿ ಮಾಡಿ, ಕೈಯನ್ನು ಚಡ್ಡಿಗೆ ಒರೆಸಿಕೊಂಡು ಮನೆ ಕಡೆ ಹೊರಟೆ.